31 ಪ್ರಬಂಧಗಳ ಲೆಕ್ಕ

2023ರ ಜೂನ್ ಮೊದಲ ವಾರ ಆಡಳಿತ ವಿಭಾಗದಿಂದ ಸುತ್ತೋಲೆ ಬಂತು. ಸಹ ಪ್ರಾಧ್ಯಾಪಕರಾಗಿದ್ದು ಪ್ರಾಧ್ಯಾಪಕ ಹುದ್ದೆಗೆ ಪದೋನ್ನತಿ ಬಯಸುವವರು ಪ್ರಕಟಣೆಗಳ ಪಟ್ಟಿ, ಪ್ರತಿ ಪ್ರಬಂಧದ ನಕಲು, ಬೇರೆಯವರ ಪ್ರಬಂಧಗಳಲ್ಲಿ ಅವಕ್ಕೆ ಬಂದ ಉಲ್ಲೇಖಗಳ ಸಂಖ್ಯೆ, ಅದರಿಂದ ಲೆಕ್ಕ ಹಾಕುವ ಎಚ್-ಸೂಚ್ಯಂಕ ಎಲ್ಲವನ್ನೂ ನಾಲ್ಕು ಪ್ರತಿಗಳಲ್ಲಿ ಮೂರು ವಾರದೊಳಗೆ ಸಲ್ಲಿಸಬೇಕು. ಆ ಮಧ್ಯಾಹ್ನ ನಾನು ಕೆಟ್ಟು ನಿಂತಿದ್ದ ಮೈನಸ್ 80 ಡಿಗ್ರಿಯ ಫ್ರೀಜರಿನಿಂದ ಮಾದರಿಗಳನ್ನು ಪಕ್ಕದ ವಿಭಾಗಕ್ಕೆ ಸಾಗಿಸುತ್ತಿದ್ದೆ. ಪಟ್ಟಿ ಮಾಡುವುದೇನು ಮಹಾ, ಒಂದು ಸಂಜೆಯ ಕೆಲಸ ಎಂದುಕೊಂಡು ಸುತ್ತೋಲೆಯನ್ನು ಮಡಿಸಿ ಜೇಬಿಗಿಟ್ಟೆ. ಆ ಒಂದು ಸಂಜೆ ಎಂಟು ತಿಂಗಳಾಯಿತು.

ನನ್ನ ಕೆಲಸ ಆಣ್ವಿಕ ಜೀವವಿಜ್ಞಾನದಲ್ಲಿ. ವಿಷಯ ರಾಗಿಯ ಬೆಂಕಿ ರೋಗ. ತೆನೆಯ ಕತ್ತು ಕಪ್ಪಾಗಿ ಮುರಿದು ಕಾಳು ಜೊಳ್ಳಾಗುತ್ತದಲ್ಲ, ಆ ಶಿಲೀಂಧ್ರ ಒಳಹೊಕ್ಕಾಗ ರಾಗಿಯ ಯಾವ ವಂಶವಾಹಿಗಳು ಎಚ್ಚೆತ್ತುಕೊಳ್ಳುತ್ತವೆ ಎಂಬುದನ್ನು ಹುಡುಕುವುದು. ಹದಿನೇಳು ವರ್ಷಗಳಲ್ಲಿ ಎಷ್ಟು ಪ್ರಬಂಧ ಬರೆದಿದ್ದೇನೆ ಎಂದು ಯಾರಾದರೂ ಕೇಳಿದರೆ ಮೂವತ್ತರ ಆಸುಪಾಸು ಎನ್ನುತ್ತಿದ್ದೆ. ಆಸುಪಾಸು ಎಂಬ ಮಾತಿಗೆ ನಮೂನೆಯಲ್ಲಿ ಜಾಗವಿರಲಿಲ್ಲ.

ಮೊದಲ ತೊಡಕು ನನ್ನ ಹೆಸರಿನದು. ನಮ್ಮ ಮನೆಯಲ್ಲಿ ಕುಲನಾಮವಿಲ್ಲ. ಹೆಸರಿನ ಹಿಂದೆ ಎರಡು ಅಕ್ಷರ: ಎಚ್ ಎಂದರೆ ಹೊಸಹಳ್ಳಿ, ಆರ್ ಎಂದರೆ ಅಪ್ಪ. ಪಿಎಚ್‌ಡಿ ಕಾಲದ ಪ್ರಬಂಧಗಳಲ್ಲಿ ಇದೇ ಕ್ರಮ. ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ಕುಲನಾಮದ ಚೌಕ ಖಾಲಿ ಇದ್ದರೆ ವೀಸಾಕ್ಕೆ ತೊಂದರೆ ಎಂದು ಏಜೆಂಟರೊಬ್ಬರು ಅದರಲ್ಲಿ ಊರಿನ ಹೆಸರನ್ನು ತುಂಬಿಬಿಟ್ಟರು. ಜರ್ಮನಿಯಲ್ಲಿದ್ದ ಮೂರು ವರ್ಷ ನಾನು ಡಾಕ್ಟರ್ ಹೊಸಹಳ್ಳಿ. ಮರಳಿ ಬಂದ ಮೇಲೆ ಮತ್ತೆ ಹಳೆಯ ಹೆಸರು. ಮದುವೆಯಾದ ಹೊಸತರ ಎರಡು ಪ್ರಬಂಧಗಳಲ್ಲಿ, ಏಕೆಂದು ಈಗ ನೆನಪಿಲ್ಲ, ಅಪ್ಪನ ಅಕ್ಷರದ ಜಾಗದಲ್ಲಿ ಗಂಡನ ಅಕ್ಷರ. ಪ್ರಬಂಧಗಳನ್ನೂ ಉಲ್ಲೇಖಗಳನ್ನೂ ದಾಖಲಿಸುವ ಸ್ಕೋಪಸ್ ಎಂಬ ಜಾಲತಾಣದಲ್ಲಿ ಹುಡುಕಿದರೆ ನಾನು ನಾಲ್ವರಾಗಿ ಸಿಕ್ಕೆ. ನಾಲ್ವರಲ್ಲಿ ಒಬ್ಬಳ ಹೆಸರು ಮೊದಲಕ್ಷರಕ್ಕೆ ಕುಗ್ಗಿ, ಹೊಸಹಳ್ಳಿಯೊಂದೇ ಪೂರ್ಣವಾಗಿ ಉಳಿದಿತ್ತು. ಅಪ್ಪನಿಗೆ ಹೇಳಿದಾಗ, “ಊರಿಗೆ ಹೆಸರು ಬಂತಲ್ಲಮ್ಮ, ಬಿಡು” ಎಂದರು.

ನನ್ನ ಶಿಲೀಂಧ್ರಕ್ಕೂ ಇದೇ ಗತಿ ಎಂಬುದು ಆಗ ಹೊಳೆದು ನಗು ಬಂತು. ಮ್ಯಾಗ್ನಪೋರ್ಥೆ ಗ್ರೈಸಿಯಾ ಎಂದು ಕರೆಸಿಕೊಳ್ಳುತ್ತಿದ್ದುದನ್ನು 2002ರಲ್ಲಿ ಒಡೆದು, ಭತ್ತ ರಾಗಿಗಳ ಮೇಲಿನದಕ್ಕೆ ಮ್ಯಾಗ್ನಪೋರ್ಥೆ ಒರೈಜೆ ಎಂದು ಹೆಸರಿಟ್ಟರು. ಅದನ್ನು ಪೈರಿಕ್ಯುಲೇರಿಯಾ ಎಂದೇ ಕರೆಯಬೇಕು ಎನ್ನುವವರು ಬೇರೆ. ರೋಗ ಮಾತ್ರ ಹೊಲದಲ್ಲಿ ಮೊದಲಿನಂತೆಯೇ ಇದೆ.

ನಾಲ್ವರನ್ನು ಒಬ್ಬಳನ್ನಾಗಿ ಮಾಡಲು ಸ್ಕೋಪಸ್‌ಗೆ ಮನವಿ ಕಳುಹಿಸಿದೆ. ಹೀಗೆ ಚದುರಿಹೋದವರಿಗಾಗಿಯೇ 2012ರಲ್ಲಿ ಶುರುವಾದ ಆರ್ಕಿಡ್ ಎಂಬ ವ್ಯವಸ್ಥೆಯಲ್ಲಿ 16 ಅಂಕಿಗಳ ಗುರುತಿನ ಸಂಖ್ಯೆಯನ್ನೂ ಪಡೆದೆ. ಹತ್ತು ವರ್ಷ ಮೊದಲೇ ಪಡೆಯಬೇಕಿತ್ತು. ವಿದ್ಯಾರ್ಥಿಗಳಿಗೆ ಮಾಡಿಸಿಕೊಳ್ಳಿ ಎಂದು ನಾನೇ ಹೇಳುತ್ತಿದ್ದೆ.

ಗೂಗಲ್ ಸ್ಕಾಲರ್‌ನಲ್ಲಿ ಕಥೆ ತಿರುಗುಮುರುಗು. ಅಲ್ಲಿ ನಾನು ಒಡೆದುಹೋಗಿರಲಿಲ್ಲ, ಊದಿಕೊಂಡಿದ್ದೆ. ನನ್ನ ಹೆಸರು ನಾಡಿನಲ್ಲಿ ಬೀದಿಗೆ ಇಬ್ಬರಿಗೆ ಇರುವಂಥದ್ದು. ಎಂದೋ ಖಾತೆ ತೆರೆದು, ತಾನಾಗಿ ಸೇರಿಸು ಎಂಬ ಆಯ್ಕೆಯನ್ನು ಒತ್ತಿ ಮರೆತಿದ್ದೆ. ಈಗ ನೋಡಿದರೆ ಹಾರುಬೂದಿ ಬೆರೆಸಿದ ಕಾಂಕ್ರೀಟಿನ ಬಲ ಪರೀಕ್ಷಿಸಿದವಳೂ ನಾನೇ, ಸಿಸೇರಿಯನ್ ವೇಳೆ ಬೆನ್ನಿಗೆ ಕೊಡುವ ಅರಿವಳಿಕೆಯ ಪ್ರಮಾಣವನ್ನು ತುಲನೆ ಮಾಡಿದವಳೂ ನಾನೇ. ಎಚ್-ಸೂಚ್ಯಂಕ 19! ಪಕ್ಕದ ಕೊಠಡಿಯ ಸಹೋದ್ಯೋಗಿ ಇಣುಕಿ ನೋಡಿ, “ಇರಲಿ ಬಿಡಿ ಮೇಡಂ, ಬಂದ ಲಕ್ಷ್ಮಿಯನ್ನು ಯಾರಾದರೂ ಒದೆಯುತ್ತಾರೆಯೇ” ಎಂದರು. ಒಂದೊಂದಾಗಿ ಅಳಿಸಿದೆ. ಕಾಂಕ್ರೀಟು ಹೋಯಿತು, ಅರಿವಳಿಕೆ ಹೋಯಿತು, 19 ಇದ್ದದ್ದು 14ಕ್ಕೆ ಇಳಿಯಿತು. ನನ್ನದಲ್ಲದ್ದು ಹೋದರೂ ಮನಸ್ಸಿಗೆ ಚುರುಕ್ಕೆಂದದ್ದು ಸುಳ್ಳಲ್ಲ.

ಈ ಎಚ್-ಸೂಚ್ಯಂಕವನ್ನು 2005ರಲ್ಲಿ ಮುಂದಿಟ್ಟವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್. ನಿಮ್ಮ ಪ್ರಬಂಧಗಳನ್ನು ಹೆಚ್ಚು ಉಲ್ಲೇಖ ಪಡೆದದ್ದು ಮೇಲೆ ಬರುವಂತೆ ಸಾಲಾಗಿ ಜೋಡಿಸಿ. ಮೇಲಿನಿಂದ ಎಣಿಸುತ್ತ ಬನ್ನಿ. ಹದಿನಾಲ್ಕನೆಯದಕ್ಕೆ ಕನಿಷ್ಠ 14 ಉಲ್ಲೇಖವಿದ್ದು, ಹದಿನೈದನೆಯದಕ್ಕೆ 15 ಇಲ್ಲದಿದ್ದರೆ ನಿಮ್ಮ ಸೂಚ್ಯಂಕ 14. ಅಷ್ಟೇ. ಮೊದಲನೆಯದಕ್ಕೆ ಸಾವಿರ ಉಲ್ಲೇಖ ಬಂದಿದ್ದರೂ ಈ ಲೆಕ್ಕಕ್ಕೆ ಅದು ಒಂದೇ ಪ್ರಬಂಧ. ಆದರೆ 14 ಎನ್ನುವುದೂ ಗಟ್ಟಿಯಲ್ಲ. ಗೂಗಲ್ ಸ್ಕಾಲರ್ ಪ್ರೌಢಪ್ರಬಂಧ, ಸಮ್ಮೇಳನದ ಸಂಚಿಕೆ ಎಲ್ಲವನ್ನೂ ಬಾಚಿಕೊಳ್ಳುವುದರಿಂದ ಅಲ್ಲಿ 14. ಸ್ಕೋಪಸ್ ತಾನು ಆಯ್ದ ಜರ್ನಲ್‌ಗಳನ್ನಷ್ಟೇ ನೋಡುವುದರಿಂದ ಅಲ್ಲಿ 11. ವೆಬ್ ಆಫ್ ಸೈನ್ಸ್‌ನಲ್ಲಿ 10. ಒಂದೇ ಹೊಲವನ್ನು ಮೂವರು ಮೋಜಣಿದಾರರು ಅಳೆದಂತೆ. ಯಾವುದನ್ನು ಬರೆಯಲಿ ಎಂದು ಕಚೇರಿಗೆ ಫೋನು ಮಾಡಿದೆ. “ಮೂರನ್ನೂ ಬರೆಯಿರಿ ಮೇಡಂ, ಯಾವುದು ಬೇಕೋ ಅದನ್ನು ಸಮಿತಿಯವರು ನೋಡಿಕೊಳ್ಳುತ್ತಾರೆ” ಎಂದರು ವಿಷಯ ನಿರ್ವಾಹಕರು.

ಈ ವಿಷಯ ನಿರ್ವಾಹಕರ ಬಗ್ಗೆ ಒಂದು ಮಾತು. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು, ವಿಜ್ಞಾನ ಓದಿದವರಲ್ಲ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯನ್ನು ನನ್ನಂಥ ಹತ್ತು ಜನ ಪ್ರಾಧ್ಯಾಪಕರಿಗಿಂತ ಚೆನ್ನಾಗಿ ಅರಗಿಸಿಕೊಂಡಿದ್ದರು. ಪ್ರಾಧ್ಯಾಪಕ ಹುದ್ದೆಗೆ ಕನಿಷ್ಠ 10 ಪ್ರಬಂಧ, ಅದರಲ್ಲಿ ಮೂರು ಪರಿಶೀಲನಾ ಅವಧಿಯೊಳಗಿನವು. ಜೊತೆಗೆ ಸಂಶೋಧನಾ ಅಂಕ 110. ವಿಜ್ಞಾನದ ಪ್ರಬಂಧವೊಂದಕ್ಕೆ 8 ಅಂಕ. ಜರ್ನಲ್‌ಗೆ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆ ಎಂಬ ಅಂಕಿ, ಇಲ್ಲದಿದ್ದರೆ 5, ಒಂದಕ್ಕಿಂತ ಕಡಿಮೆ ಇದ್ದರೆ 10, ಒಂದರಿಂದ ಎರಡಾದರೆ 15, ಹೀಗೆ ಏರುತ್ತ ಹತ್ತಕ್ಕಿಂತ ಮೇಲಾದರೆ 30. ಈ ಎರಡನೆಯ ಅಂಕವನ್ನು ಎಂಟಕ್ಕೆ ಕೂಡಿಸಬೇಕೋ, ಎಂಟರ ಬದಲಿಗೆ ಹಾಕಬೇಕೋ ಎಂಬುದರ ಮೇಲೆ ಎರಡು ಸಭೆಗಳಾಗಿ, ಕೂಡಿಸುವುದು ಎಂದು ನಮ್ಮಲ್ಲಿ ತೀರ್ಮಾನವಾಗಿತ್ತು. ಲೇಖಕರು ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ ಲೇಖಕರಿಗೆ ಅಥವಾ ಮುಖ್ಯ ಲೇಖಕರಿಗೆ ಶೇ 70, ಉಳಿದವರಿಗೆ ತಲಾ ಶೇ 30.

ಕ್ಯಾಲ್ಕ್ಯುಲೇಟರ್ ಹಿಡಿದು ಇಬ್ಬರೂ ಕುಳಿತೆವು. ಜರ್ಮನಿಯಲ್ಲಿದ್ದಾಗ 23 ಜನ ಸೇರಿ ಬರೆದ ದೊಡ್ಡ ಪ್ರಬಂಧವೊಂದಿದೆ, ನಾನು ಹನ್ನೊಂದನೆಯವಳು. ನನ್ನ ಪಾಲಿನ ಕೆಲಸ ಎರಡು ತಿಂಗಳದ್ದು. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಹತ್ತಕ್ಕಿಂತ ಮೇಲೆ. ಎಂಟಕ್ಕೆ ಮೂವತ್ತು ಸೇರಿ 38, ಅದರ ಶೇ 30 ಎಂದರೆ 11.4. ಇನ್ನೊಂದು, ರಾಗಿಯ ರೋಗನಿರೋಧಕ ವಂಶವಾಹಿಯ ಮೇಲಿನದು. ಆರು ಮುಂಗಾರು ಹಿಡಿದ ಕೆಲಸ, ಇಬ್ಬರು ವಿದ್ಯಾರ್ಥಿಗಳ ಪಿಎಚ್‌ಡಿ. ದೇಶದೊಳಗಿನ ಸಣ್ಣ ಜರ್ನಲ್‌ನಲ್ಲಿ ಬಂದದ್ದು, ಇಂಪ್ಯಾಕ್ಟ್ ಫ್ಯಾಕ್ಟರ್ ಇರಲಿಲ್ಲ. ಎಂಟಕ್ಕೆ ಐದು ಸೇರಿ 13, ಅದರ ಶೇ 70 ಎಂದರೆ 9.1. ವಿಷಯ ನಿರ್ವಾಹಕರು ಎರಡೂ ಅಂಕಿಗಳನ್ನು ಬರೆದು, ನನ್ನ ಮುಖ ನೋಡಿ, “ಟೀ ತರಿಸಲೇ?” ಎಂದರು.

ಅದೇ ಜೂನ್‌ನಲ್ಲಿ ಇನ್ನೊಂದು ಸ್ವಾರಸ್ಯ ನಡೆಯಿತು. ಆ ವರ್ಷದ ಪಟ್ಟಿಯಿಂದ, ಅದುವರೆಗೆ ಹೊರಗಿದ್ದ ಸಾವಿರಾರು ಜರ್ನಲ್‌ಗಳಿಗೂ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡಲು ಶುರು ಮಾಡಿದರು. ನಮ್ಮ ಸಣ್ಣ ಜರ್ನಲ್‌ಗೆ 0.9 ಬಂತು. ಹಾಗಾದರೆ 9.1 ಇದ್ದದ್ದು 12.6 ಆಗಬೇಕಲ್ಲವೇ? ಪ್ರಬಂಧ ಬಂದ ವರ್ಷದ ಅಂಕಿಯೇ ಲೆಕ್ಕ, ಇಂದಿನದಲ್ಲ ಎಂದರು ವಿಷಯ ನಿರ್ವಾಹಕರು. ಸರಿ. ಆದರೆ ನಿಯಮಾವಳಿಯಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರನ್ನು ಥಾಮ್ಸನ್ ರಾಯಿಟರ್ಸ್ ಪಟ್ಟಿಯಂತೆ ನಿರ್ಧರಿಸಬೇಕು ಎಂದಿದೆ, ಆ ಪಟ್ಟಿ ಎಲ್ಲಿ ಎಂದು ಕೇಳಿದರು. ಥಾಮ್ಸನ್ ರಾಯಿಟರ್ಸ್ ಆ ವ್ಯವಹಾರವನ್ನು 2016ರಲ್ಲೇ ಮಾರಿ, ಅದೀಗ ಕ್ಲಾರಿವೇಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ; 2018ರ ನಿಯಮದಲ್ಲಿ ಹಳೆಯ ಹೆಸರೇ ಉಳಿದುಕೊಂಡಿದೆ. ನಾನು ಹೇಳಿದ್ದನ್ನೆಲ್ಲ ಅವರು ತಾಳ್ಮೆಯಿಂದ ಕೇಳಿ, “ನಿಯಮದಲ್ಲಿ ಇರುವ ಹೆಸರು ಕಡತದಲ್ಲಿ ಇರಬೇಕು ಮೇಡಂ” ಎಂದರು. ಪ್ರತಿ ಪುಟದ ಮೇಲೂ ‘ಥಾಮ್ಸನ್ ರಾಯಿಟರ್ಸ್, ಈಗಿನ ಕ್ಲಾರಿವೇಟ್’ ಎಂದು ಕೈಯಲ್ಲಿ ಬರೆದೆ. ಜಮೀನಿನ ಪಹಣಿಯಲ್ಲಿ ಸತ್ತುಹೋದ ತಾತನ ಹೆಸರು ಮುಂದುವರಿಯುತ್ತದಲ್ಲ, ಹಾಗೆ.

ಅಂಕ 110 ದಾಟಿತು, ಅದರ ಚಿಂತೆ ಇರಲಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಪಕ್ಕದ ಕಾಲಂ, ಉಲ್ಲೇಖಗಳದ್ದು. ಗೂಗಲ್ ಸ್ಕಾಲರ್‌ನಲ್ಲಿ ಒಟ್ಟು 1,046 ಉಲ್ಲೇಖ. ಅದರಲ್ಲಿ 318 ಒಂದೇ ಪ್ರಬಂಧಕ್ಕೆ ಬಂದಿವೆ. ಆ ಪ್ರಬಂಧದಲ್ಲಿ ಯಾವ ಆವಿಷ್ಕಾರವೂ ಇಲ್ಲ. 2009ರಲ್ಲಿ ಬರೆದ ನಾಲ್ಕು ಪುಟದ ಪಾಕವಿಧಾನ ಅದು. ಯಾವ ವಂಶವಾಹಿ ಎಚ್ಚೆತ್ತಿದೆ ಎಂದು ತಿಳಿಯಲು ರಾಗಿ ಎಲೆಯಿಂದ ಆರ್‌ಎನ್‌ಎ ತೆಗೆಯುವಾಗ ಶರ್ಕರ ಪದಾರ್ಥಗಳೂ ಕಂದು ಬಣ್ಣದ ಫೀನಾಲ್‌ಗಳೂ ಜೊತೆಯಲ್ಲೇ ಬಂದು, ಕೊಳವೆಯ ತಳದಲ್ಲಿ ಆರ್‌ಎನ್‌ಎ ಬದಲು ಗಟ್ಟಿ ಅಂಬಲಿ ಕೂರುತ್ತಿತ್ತು. ಫೀನಾಲ್‌ಗಳನ್ನು ಹಿಡಿದಿಡುವ ಪಿವಿಪಿ ಎಷ್ಟು ಹಾಕಬೇಕು, ಲಿಥಿಯಂ ಕ್ಲೋರೈಡ್ ಸೇರಿಸಿ ರಾತ್ರಿಯಿಡೀ ಹೇಗೆ ತಣ್ಣಗಿಡಬೇಕು ಎಂಬುದಷ್ಟೇ ಅದರ ಸಾರ. ಬಿಸಿಲೇರುವ ಮುನ್ನ ಕಿತ್ತ ಎಳೆಯ ಎಲೆಯಾದರೆ ಅಂಬಲಿ ಕಡಿಮೆ ಎಂದು ಕಂಡುಹಿಡಿದದ್ದು ನಾನಲ್ಲ, ನಮ್ಮ ತಾಕಿನ ಕೆಲಸಗಾರ. ಅವರ ಹೆಸರು ಕೊನೆಯ ಕೃತಜ್ಞತೆಯ ಸಾಲಿನಲ್ಲಿದೆ. ಆ ಸಾಲನ್ನು ಯಾವ ಸೂಚ್ಯಂಕವೂ ಎಣಿಸುವುದಿಲ್ಲ.

ಆರು ಮುಂಗಾರಿನ ರಾಗಿ ವಂಶವಾಹಿಯ ಪ್ರಬಂಧಕ್ಕೆ ಬಂದ ಉಲ್ಲೇಖ ಒಂಬತ್ತು. ಒಂಬತ್ತರಲ್ಲಿ ನಾಲ್ಕು ನನ್ನವೇ.

ಇದು ನನ್ನೊಬ್ಬಳ ಹಣೆಬರಹವಲ್ಲ ಎಂಬ ಸಮಾಧಾನ ನಮ್ಮ ಕ್ಷೇತ್ರದಲ್ಲಿ ಧಾರಾಳವಾಗಿ ಸಿಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳನ್ನು 2014ರಲ್ಲಿ ಪಟ್ಟಿ ಮಾಡಿದಾಗ ಮೊದಲನೆಯದಾಗಿ ನಿಂತದ್ದು ಆಲಿವರ್ ಲೌರಿಯವರ 1951ರ ಪ್ರಬಂಧ: ದ್ರಾವಣದಲ್ಲಿ ಪ್ರೊಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ, ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖ. ಎರಡನೆಯದು ಲೆಮ್ಲಿಯವರ 1970ರದ್ದು, ಮೂರನೆಯದು ಬ್ರಾಡ್‌ಫರ್ಡ್ ಅವರ 1976ರದ್ದು. ಮೂರೂ ಪ್ರೊಟೀನಿನ ಪಾಕವಿಧಾನಗಳೇ. ಡಿಎನ್‌ಎಯ ಜೋಡಿ ಸುರುಳಿಯನ್ನು ತೋರಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧ ಆ ನೂರರಲ್ಲೇ ಇಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿಯಾಯಿತು, ಗೊತ್ತಿರುವುದನ್ನು ಯಾರು ಉಲ್ಲೇಖಿಸುತ್ತಾರೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೈವಿಕ ಭೌತವಿಜ್ಞಾನದ ಘಟಕವನ್ನು ಕಟ್ಟಿದ ಜಿ. ಎನ್. ರಾಮಚಂದ್ರನ್ ಅವರದ್ದೂ ಹೀಗೆಯೇ. ಪ್ರೊಟೀನ್ ರಚನೆಯ ಮೇಲೆ ಕೆಲಸ ಮಾಡುವವರು ‘ರಾಮಚಂದ್ರನ್ ನಕ್ಷೆ’ ಎಂದು ಬರೆದು ಮುಂದೆ ಹೋಗುತ್ತಾರೆ. 1963ರ ಮೂಲ ಪ್ರಬಂಧ ಅವರ ಉಲ್ಲೇಖಗಳ ಪಟ್ಟಿಯಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಲೌರಿ ತಮ್ಮ ಪ್ರಬಂಧ ಅಂಥ ಮಹತ್ವದ್ದೇನಲ್ಲ ಎಂದು ಒಪ್ಪಿಕೊಂಡಿದ್ದರು, ಆದರೂ ಒಳಗೊಳಗೇ ಖುಷಿಪಡುತ್ತಿದ್ದರಂತೆ. ಅವರ ಖುಷಿಯ ಸಾವಿರದಲ್ಲೊಂದು ಪಾಲು ನನಗೂ ಸಲ್ಲಬೇಕು ಎಂದು ಲೆಕ್ಕ ಹಾಕಿದೆ. 318 ಎಂದರೆ ಹೆಚ್ಚುಕಡಿಮೆ ಅಷ್ಟೇ.

ಕಡತ ಸಲ್ಲಿಸಿ ಆದ ಮೇಲೆ, ಯಾರೂ ಕೇಳದಿದ್ದರೂ, ನನ್ನನ್ನು ಉಲ್ಲೇಖಿಸಿದವರು ಏನು ಬರೆದಿದ್ದಾರೆ ಎಂದು ಓದಲು ಕುಳಿತೆ. ರಾತ್ರಿ ಊಟವಾದ ಮೇಲೆ ದಿನಕ್ಕೆ ಹತ್ತು. ಈ ಚಾಳಿಯನ್ನು ನಾನು ಬೇರೆಯವರಿಗೆ ಶಿಫಾರಸು ಮಾಡುವುದಿಲ್ಲ. ಬಹಳಷ್ಟು ಕಡೆ ನಾನು ಗುಂಪಿನಲ್ಲಿ ಗೋವಿಂದ: ‘ಹಲವರು ವರದಿ ಮಾಡಿದ್ದಾರೆ’ ಎಂದು ಎಂಟು ಹೆಸರು, ನಡುವೆ ನನ್ನದೊಂದು. ಒಂದರಲ್ಲಿ ನಾನು ಹೇಳಿದ್ದಕ್ಕೆ ಪೂರ್ತಿ ವಿರುದ್ಧವಾದುದನ್ನು ನನ್ನ ಹೆಸರಿನಲ್ಲಿ ಹೇಳಿಸಿದ್ದರು. ಇನ್ನೊಂದರಲ್ಲಿ ವಂಶವಾಹಿ ಅನುಕ್ರಮಗಳನ್ನು ಹೋಲಿಸುವ ಬ್ಲಾಸ್ಟ್ ಎಂಬ ತಂತ್ರಾಂಶ ಬಳಸಿದ್ದಾಗಿ ಬರೆದು, ಆಧಾರವಾಗಿ ನನ್ನ ಬೆಂಕಿ ರೋಗದ ಪ್ರಬಂಧವನ್ನು ಕೊಟ್ಟಿದ್ದರು. ಇಂಗ್ಲಿಷಿನಲ್ಲಿ ರೋಗದ ಹೆಸರೂ ಬ್ಲಾಸ್ಟ್ ತಾನೇ. ಅದನ್ನೂ ನನ್ನ ಎಣಿಕೆಯಲ್ಲಿ ಸೇರಿಸಿಕೊಂಡಿದ್ದೇನೆ, ಅಳಿಸಲು ದಾರಿಯಿಲ್ಲ.

ಒಂದು ತಪ್ಪು ಪುಟಸಂಖ್ಯೆ ಮಾತ್ರ ನನ್ನನ್ನು ಬಹಳ ಕಾಡಿತು. 2011ರಲ್ಲಿ ಯಾರೋ ನನ್ನ ಪ್ರಬಂಧದ ಪುಟವನ್ನು 112 ಎನ್ನುವ ಬದಲು 121 ಎಂದು ಬರೆದಿದ್ದರು. ಆಮೇಲೆ ಹದಿನೇಳು ಪ್ರಬಂಧಗಳಲ್ಲಿ 121. ಅಂದರೆ ಆ ಹದಿನೇಳು ಜನ ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನೋಡಿ ಇಳಿಸಿಕೊಂಡಿದ್ದಾರೆ. 2003ರಲ್ಲಿ ಅಮೆರಿಕದ ಸಿಮ್ಕಿನ್ ಮತ್ತು ರಾಯ್‌ಚೌಧರಿ ಎಂಬ ಇಬ್ಬರು ಇಂಥ ನಕಲಾದ ಮುದ್ರಣದೋಷಗಳನ್ನೇ ಎಣಿಸಿ, ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಐದರಲ್ಲಿ ಒಬ್ಬರಷ್ಟೇ ಇರಬಹುದು ಎಂದು ಅಂದಾಜು ಮಾಡಿದ್ದರು. ಅದನ್ನು ತರಗತಿಯಲ್ಲಿ ನಗುತ್ತ ಹೇಳುತ್ತಿದ್ದವಳು ನಾನು.

ನಾನೇನು ಸಾಚಾ ಅಲ್ಲ. 2015ರಲ್ಲಿ ಒಬ್ಬ ಪರಿಶೀಲಕರು ಪ್ರಬಂಧವನ್ನು ಒಪ್ಪಿಕೊಳ್ಳುವ ಮುನ್ನ ‘ಈ ಕೆಳಗಿನ ಮುಖ್ಯ ಕೃತಿಗಳನ್ನೂ ಪರಿಗಣಿಸಿ’ ಎಂದು ಆರು ಪ್ರಬಂಧ ಸೂಚಿಸಿದರು. ಆರರಲ್ಲೂ ಒಂದೇ ಹೆಸರು. ವಿದ್ಯಾರ್ಥಿನಿಯ ಪಿಎಚ್‌ಡಿ ಆ ಪ್ರಬಂಧಕ್ಕಾಗಿ ಕಾಯುತ್ತಿತ್ತು. ನಾಲ್ಕನ್ನು ಸೇರಿಸಿದೆ. ಇದೆಲ್ಲ ನನಗೆ ಹೊಸದೂ ಅಲ್ಲ. ಮನೆಯ ಟ್ರಂಕಿನಲ್ಲಿ ಅಜ್ಜಿಯ ಕಾಲದ ಮುಯ್ಯಿ ಪುಸ್ತಕವಿದೆ; ಯಾವ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು, ಐದು ರೂಪಾಯಿಯೋ, ಎರಡು ಸೇರು ಅಕ್ಕಿಯೋ, ಎಲ್ಲ ಬರೆದಿದೆ. ಅವರ ಮನೆಯ ಮದುವೆ ಬಂದಾಗ ಪುಸ್ತಕ ತೆಗೆದು ನೋಡಿ ಅಷ್ಟನ್ನೇ, ಅಥವಾ ಒಂದು ರೂಪಾಯಿ ಸೇರಿಸಿ, ತೀರಿಸುವುದು. ಆ ರಾತ್ರಿಗಳಲ್ಲಿ ಅಮ್ಮ ಒಮ್ಮೆ ಪಕ್ಕದಲ್ಲಿ ಕುಳಿತು ಇದೇನು ಓದುತ್ತಿದ್ದೀಯೆ ಎಂದು ಕೇಳಿದಾಗ ಮುಯ್ಯಿ ಪುಸ್ತಕ ಎಂದೆ. “ಅದರಲ್ಲಿ ದುಡ್ಡು ಕೊಟ್ಟವರ ಹೆಸರು ಇರುತ್ತದೆ. ಮೂರು ದಿನ ನಿಂತು ಅಡುಗೆ ಮಾಡಿದವರ ಹೆಸರು ಇರುವುದಿಲ್ಲ” ಎಂದು ಅಮ್ಮ ಎದ್ದು ಹೋದರು.

ಅಪ್ಪ ಕೊನೆಯವರೆಗೂ ಬೆಳೆದದ್ದು ಇಂಡಾಫ್ ರಾಗಿ. ಮಂಡ್ಯದ ವಿ. ಸಿ. ಫಾರ್ಮ್‌ನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಮಾಡಿದ ತಳಿಗಳು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಆ ಮುದ್ದೆ ತಿಂದೇ ನಾನು ಓದಿದ್ದು. ಲಕ್ಷ್ಮಣಯ್ಯನವರ ಹೆಸರನ್ನು ನನ್ನ 31 ಪ್ರಬಂಧಗಳಲ್ಲಿ ಎಷ್ಟು ಕಡೆ ಉಲ್ಲೇಖಿಸಿದ್ದೇನೆ ಎಂದು ಹುಡುಕಿದೆ. ಒಂದು ಕಡೆಯೂ ಇಲ್ಲ. ‘ಇಂಡಾಫ್ ತಳಿಯನ್ನು ಬಳಸಲಾಯಿತು’ ಎಂದಷ್ಟೇ ಐದು ಕಡೆ ಇದೆ.

ಆಗಸ್ಟ್‌ನಲ್ಲಿ ಉಗಾಂಡಾದಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಮಿಂಚಂಚೆ ಬಂತು. ಅವರಲ್ಲೂ ರಾಗಿ ಮುಖ್ಯ ಬೆಳೆ, ಬೆಂಕಿ ರೋಗವೂ ಇದೆ. ನಿಮ್ಮ ವಿಧಾನವನ್ನು ನಾಲ್ಕು ಬಾರಿ ಮಾಡಿದೆ, ಆರ್‌ಎನ್‌ಎ ಬರುತ್ತಿಲ್ಲ, ನನ್ನ ಕೈಯಲ್ಲೇನಾದರೂ ತಪ್ಪಿದೆಯೇ ಎಂದು ಬಹಳ ವಿನಯದಿಂದ ಕೇಳಿದ್ದ. ಮೊದಲಿಗೆ ಅವನ ಎಲೆ ಹಳೆಯದಿರಬೇಕು ಎಂದುಕೊಂಡೆ. ಉತ್ತರ ಬರೆಯುವ ಮುನ್ನ ಪ್ರಬಂಧ ತೆಗೆದು ಓದಿದೆ. ಮೂರನೆಯ ಪುಟದಲ್ಲಿ: ಸಮ ಪ್ರಮಾಣದ 2 ಮೋಲಾರ್ ಲಿಥಿಯಂ ಕ್ಲೋರೈಡ್ ಸೇರಿಸಿ.

ಓದುತ್ತಿದ್ದಂತೆ ಕೈಕಾಲು ತಣ್ಣಗಾಯಿತು. ಸಮ ಪ್ರಮಾಣ ಸೇರಿಸಿದರೆ ದ್ರಾವಣದ ಸಾಂದ್ರತೆ 2 ಎನ್ನುವುದು ಅರ್ಧವಾಗಿ 1 ಮೋಲಾರ್ ಆಗುತ್ತದೆ. ಅಷ್ಟು ತೆಳುವಾದರೆ ಆರ್‌ಎನ್‌ಎ ಸರಿಯಾಗಿ ತಳಕ್ಕಿಳಿಯುವುದಿಲ್ಲ. ಬೀರುವಿನಲ್ಲಿದ್ದ 2008ರ ಪ್ರಯೋಗದ ಪುಸ್ತಕ ತೆಗೆದು ನೋಡಿದರೆ ನನ್ನ ಕೈಬರಹದಲ್ಲೇ ಸ್ಪಷ್ಟವಾಗಿತ್ತು: 4 ಮೋಲಾರ್ ದ್ರಾವಣ, ಬೆರೆತ ಮೇಲೆ 2 ಮೋಲಾರ್. ಬರೆಯುವಾಗ ಬೆರೆತ ಮೇಲಿನ ಅಂಕಿಯನ್ನು ಬೆರೆಸುವ ದ್ರಾವಣಕ್ಕೆ ಹಾಕಿಬಿಟ್ಟಿದ್ದೇನೆ. ಹದಿನಾಲ್ಕು ವರ್ಷ, 318 ಉಲ್ಲೇಖ. ಒಬ್ಬರೂ ಕೇಳಿರಲಿಲ್ಲ.

ವಿದ್ಯಾರ್ಥಿಗೆ ಅಂದೇ ಬರೆದೆ, ಕ್ಷಮೆ ಕೇಳಿದೆ. ಹತ್ತು ದಿನದ ಮೇಲೆ ಅವನು ಆರ್‌ಎನ್‌ಎಯನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ಜೆಲ್‌ನ ಚಿತ್ರ ಕಳುಹಿಸಿದ: 25ಎಸ್, 18ಎಸ್ ಎಂಬ ಆರ್‌ಎನ್‌ಎಗಳ ಎರಡೂ ಪಟ್ಟಿಗಳು ಚೂಪಾಗಿ, ಕೆಳಗೆ ಮಸುಕೇ ಇಲ್ಲದೆ ಇದ್ದವು. ಅಷ್ಟು ಒಳ್ಳೆಯ ಜೆಲ್ ನನ್ನ ಮೂಲ ಪ್ರಬಂಧದಲ್ಲೂ ಇಲ್ಲ. ಜರ್ನಲ್‌ಗೆ ತಿದ್ದುಪಡಿ ಕಳುಹಿಸಿದೆ. ಐದು ತಿಂಗಳು ಕಾಯಿಸಿ 2024ರ ಜನವರಿಯಲ್ಲಿ ಆರು ಸಾಲು ಪ್ರಕಟಿಸಿದರು.

ಫೆಬ್ರವರಿಯಲ್ಲಿ ಸಂದರ್ಶನ. ಅದಕ್ಕೆ ಎರಡು ದಿನ ಮೊದಲು ವಿಷಯ ನಿರ್ವಾಹಕರು ಫೋನು ಮಾಡಿ, “ಶುಭವಾಗಲಿ ಮೇಡಂ, ಸ್ಕೋಪಸ್‌ನಲ್ಲಿ ನಿಮ್ಮದು ಈಗ 32 ತೋರಿಸುತ್ತಿದೆ” ಎಂದರು. ಅಷ್ಟರಲ್ಲಿ ಅವರು ಸ್ವತಃ ಹುಡುಕಲು ಕಲಿತಿದ್ದರು. ಅದು ಹೊಸ ಪ್ರಬಂಧವಲ್ಲ, ಹಳೆಯದರ ತಪ್ಪೊಪ್ಪಿಗೆ, ಅದನ್ನೂ ಒಂದು ದಾಖಲೆಯೆಂದು ಎಣಿಸಿದ್ದಾರೆ ಎಂದು ವಿವರಿಸಿದೆ. “ಅದಕ್ಕೆ ಅಂಕ ಎಷ್ಟು?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಆಗಲೇ 32 ಎಂದು ಬರೆದು ಮೊಹರು ಒತ್ತಿದ್ದರು.

ಸಂದರ್ಶನ ನಡೆದದ್ದು ಹನ್ನೆರಡು ನಿಮಿಷ. ಅಧ್ಯಕ್ಷರು ಎಚ್-ಸೂಚ್ಯಂಕ ಕೇಳಿದರು, ಮೂರೂ ಹೇಳಿದೆ, ಅವರು ದೊಡ್ಡದನ್ನು ಗುರುತು ಹಾಕಿಕೊಂಡರು. ಯೋಜನೆಗಳು, ಅನುದಾನ, ಮಾರ್ಗದರ್ಶನ. ಒಟ್ಟು ಪ್ರಬಂಧ 32 ಅಲ್ಲವೇ ಎಂದಾಗ, 31 ಸರ್, ಒಂದು ತಿದ್ದುಪಡಿ ಎಂದೆ. ಅದುವರೆಗೆ ಕಡತ ಮಗುಚುತ್ತ ಕುಳಿತಿದ್ದ ಹೊರಗಿನ ತಜ್ಞರೊಬ್ಬರು ತಲೆಯೆತ್ತಿ ಯಾವುದಕ್ಕೆ ತಿದ್ದುಪಡಿ ಎಂದು ಕೇಳಿದರು. ಲಿಥಿಯಂ ಕ್ಲೋರೈಡಿನ ಕಥೆ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು. “ನಮ್ಮ ಪ್ರಯೋಗಾಲಯದಲ್ಲೂ ಮೊದಲು ಬರಲಿಲ್ಲ. ಆಮೇಲೆ ನಾಲ್ಕು ಮೋಲಾರ್ ಹಾಕಿ ನೋಡಿದೆವು, ಬಂತು. ಅಲ್ಪ ಮಾರ್ಪಾಡಿನೊಂದಿಗೆ ನಿಮ್ಮ ವಿಧಾನವನ್ನು ಅನುಸರಿಸಲಾಗಿದೆ ಎಂದು ಬರೆದೆವು.”

ಆ ‘ಅಲ್ಪ ಮಾರ್ಪಾಡಿನೊಂದಿಗೆ’ ಎಂಬ ಮಾತನ್ನು ರಾತ್ರಿಯ ಓದಿನಲ್ಲಿ ನಲವತ್ತು ಕಡೆಯಾದರೂ ಕಂಡಿದ್ದೆ. ನನ್ನ ವಿಧಾನವನ್ನು ಇದ್ದಂತೆ ಬಳಸಲು ಇವರಿಗೇನು ಕಷ್ಟ ಎಂದು ಪ್ರತಿ ಸಲವೂ ರೇಗಿಕೊಂಡಿದ್ದೆ. ನನಗೊಂದು ಸಾಲು ಬರೆಯಬಹುದಿತ್ತಲ್ಲ ಸರ್ ಎಂದು ಕೇಳಿಯೇಬಿಟ್ಟೆ.

“ನಿಮಗೆ ಗೊತ್ತೇ ಇರಬೇಕು ಎಂದುಕೊಂಡೆವಮ್ಮ” ಎಂದು ಅವರು ಮುಂದಿನ ಪುಟ ತಿರುಗಿಸಿದರು.